ಕಾರಂತರ ಯಕ್ಷಗಾನ ಯಾರಿಗೆ ಸೇರಿದ್ದು?

ಡಾ. ಕೋಟ ಶಿವರಾಮ ಕಾರಂತರ ಹೆಸರನ್ನು ನಾವೆಲ್ಲರೂ ಶಾಲೆಯಲ್ಲೇ ಕೇಳಿದ್ದೇವೆ. ಜ್ಞಾನಪೀಠ ಪಡೆದ ಸಾಹಿತಿ, ಕಡಲ ತೀರದ ಭಾರ್ಗವ ಎಂದು ರಸಪ್ರಶ್ನೆಯಲ್ಲಿ ಉತ್ತರವನ್ನೂ ಬರೆದಿದ್ದೇವೆ. ಆದರೆ ಕಾಮರ್ಸ್ ಓದುವ ನನಗೆ ಅವರು ಸರಿಯಾಗಿ ಪರಿಚಯವಾದದ್ದು ಕನ್ನಡ ಪುಸ್ತಕದಿಂದಲ್ಲ, ನಮ್ಮ ಆಪಾ ಓದುತ್ತಿರುವ ಕಾಪಿರೈಟ್ ಕಾನೂನಿನ ಪುಸ್ತಕದಿಂದ.

ಆಪಾ ಬಿ.ಕಾಂ. ಮುಗಿಸಿ ಸೊರಬದಲ್ಲಿ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಆನ್‌ಲೈನ್ ಅರ್ಜಿ ತುಂಬುವ ಕೆಲಸವೂ ಅಲ್ಲೇ. ದಿನಾ ಬೆಳಿಗ್ಗೆ ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಹೋಗಿ ಮಗ್ರಿಬ್ ಕಳೆದ ಮೇಲೆ ಮನೆ ಸೇರುತ್ತಾರೆ. ಪರೀಕ್ಷೆ ಹತ್ತಿರ ಬಂದಾಗ ಹುಡುಗರು ಇಡೀ ಗೈಡನ್ನೇ ತಂದು ಜೆರಾಕ್ಸ್ ಮಾಡಿಕೊಡಿ ಅನ್ನುತ್ತಾರಂತೆ. ಹೀಗೆ ಮಾಡಿಕೊಡಬಹುದೇ ಎಂಬ ಪ್ರಶ್ನೆ ಆಪಾ ಅವರ ತಲೆಯಲ್ಲಿ ಕೂತಿತು. ಜಿನೀವಾದಲ್ಲಿರುವ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ, ಅಂದರೆ ವೈಪೋ, ಉಚಿತವಾಗಿ ನಡೆಸುವ ದೂರಶಿಕ್ಷಣದ ಕೋರ್ಸೊಂದನ್ನು ಮೊದಲು ಮೊಬೈಲಿನಲ್ಲೇ ಮುಗಿಸಿದರು. ಈಗ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ದೂರಶಿಕ್ಷಣದಲ್ಲಿ ಬೌದ್ಧಿಕ ಆಸ್ತಿ ಹಕ್ಕುಗಳ ಡಿಪ್ಲೊಮಾ ಓದುತ್ತಿದ್ದಾರೆ. ಬಸ್ಸಿನಲ್ಲಿ ಸೀಟು ಸಿಕ್ಕ ದಿನ ಓದು, ಸಿಗದ ದಿನ ಇಲ್ಲ. ಓದಿದ್ದನ್ನು ಬೇರೆಯವರಿಗೆ ಹೇಳಿದರೆ ನೆನಪಿರುತ್ತದೆ ಎಂದು ರಾತ್ರಿ ಊಟವಾದ ಮೇಲೆ ನನ್ನನ್ನು ಕೂರಿಸಿಕೊಂಡು ಉರ್ದುವಿನಲ್ಲಿ ವಿವರಿಸುತ್ತಾರೆ. ಹಾಗೆ ಕೇಳಿದ್ದನ್ನೂ, ಆಮೇಲೆ ಲೈಬ್ರರಿಯಲ್ಲಿ ಹುಡುಕಿ ಓದಿದ್ದನ್ನೂ ಸೇರಿಸಿ ಕಾರಂತರ ಜೀವನವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಈಗಿನ ಉಡುಪಿ ಜಿಲ್ಲೆಯ ಕೋಟದಲ್ಲಿ. ತಂದೆ ಶೇಷ ಕಾರಂತ, ತಾಯಿ ಲಕ್ಷ್ಮಮ್ಮ. ಕುಂದಾಪುರದಲ್ಲಿ ಹೈಸ್ಕೂಲು ಮುಗಿಸಿ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಸೇರಿದರು. ಅದು ಅಸಹಕಾರ ಚಳವಳಿಯ ಕಾಲ. ಸರ್ಕಾರಿ ಶಾಲೆ ಕಾಲೇಜುಗಳನ್ನು ಬಿಟ್ಟು ಬನ್ನಿ ಎಂದು ಗಾಂಧೀಜಿ ವಿದ್ಯಾರ್ಥಿಗಳನ್ನು ಕರೆದಿದ್ದರು. ಕಾರಂತರು ಕಾಲೇಜು ಬಿಟ್ಟರು. ಆಗ ಅವರಿಗೆ ನಮಗಿಂತ ಎರಡು ಮೂರು ವರ್ಷ ಹೆಚ್ಚು ವಯಸ್ಸು, ಅಷ್ಟೆ. ಮತ್ತೆ ವಿದ್ಯಾರ್ಥಿಯಾಗಿ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ.

ಓದನ್ನು ಅರ್ಧಕ್ಕೆ ಬಿಟ್ಟು ದೊಡ್ಡ ಹೆಸರು ಮಾಡಿದವರು ನಮ್ಮ ತಾಲೂಕಿನಲ್ಲೂ ಒಬ್ಬರಿದ್ದಾರೆ. ತಾಳಗುಂದದ ಮಯೂರಶರ್ಮ ಓದಲೆಂದು ಗುರು ವೀರಶರ್ಮರ ಜೊತೆ ಕಂಚಿಯ ಘಟಿಕೆಗೆ ಹೋಗಿ, ಅಲ್ಲಿ ಪಲ್ಲವರ ಕುದುರೆ ಸವಾರರೊಡನೆ ಜಗಳವಾಗಿ, ಓದು ಬಿಟ್ಟು ರಾಜ್ಯ ಕಟ್ಟಿದ ಕಥೆ ಅಲ್ಲಿನ ಕಂಬದ ಶಾಸನದಲ್ಲೇ ಇದೆ. ಆದರೆ ಕಾರಂತರಿಗೆ ಕಟ್ಟಲು ರಾಜ್ಯವಿರಲಿಲ್ಲ. ಹೊಟ್ಟೆಪಾಡು ನೋಡಿಕೊಳ್ಳಬೇಕಿತ್ತು. ಖಾದಿ ಪ್ರಚಾರ ಮಾಡಿದರು, ಊರೂರು ತಿರುಗಿದರು, ವಸಂತ ಎಂಬ ಪತ್ರಿಕೆ ನಡೆಸಿದರು, ನಾಟಕ ಆಡಿಸಿದರು, ಮೂಕಿ ಸಿನಿಮಾವನ್ನೂ ಮಾಡಿ ನೋಡಿದರು. ಕೊನೆಗೆ ಪುತ್ತೂರಿನಲ್ಲಿ ನೆಲೆ ನಿಂತರು. ಅಲ್ಲಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. 1936ರಲ್ಲಿ ಲೀಲಾ ಆಳ್ವ ಅವರನ್ನು ಮದುವೆಯಾದರು. ಅದು ಜಾತಿ ಮೀರಿದ ಮದುವೆ, ಆ ಕಾಲದಲ್ಲಿ ಸುಲಭದ ಮಾತಲ್ಲ.

ಅದೇ 1936ರಲ್ಲಿ ಮಕ್ಕಳಿಗಾಗಿ ಬಾಲಪ್ರಪಂಚ ಎಂಬ ವಿಶ್ವಕೋಶವನ್ನು ಮೂರು ಸಂಪುಟಗಳಲ್ಲಿ ತಂದರು. ಮುಂದೆ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ವಿಜ್ಞಾನ ಪ್ರಪಂಚವನ್ನೂ ಬರೆದರು. ಡಿಗ್ರಿ ಇಲ್ಲದ ಮನುಷ್ಯ ಖಗೋಳ, ಭೂಗರ್ಭ, ಪ್ರಾಣಿ, ಸಸ್ಯ ಎಲ್ಲವನ್ನೂ ತಾನೇ ಓದಿಕೊಂಡು ಒಬ್ಬನೇ ಕೂತು ಬರೆದದ್ದು! ಸ್ಟಡಿ ಮೆಟೀರಿಯಲ್ ಕಳಿಸುವವರಿಲ್ಲ, ಕಾಂಟ್ಯಾಕ್ಟ್ ಕ್ಲಾಸಿಲ್ಲ, ಪರೀಕ್ಷೆಯೂ ಇಲ್ಲ. ಕೆಲಸ ಮಾಡುತ್ತಾ ಓದುವವರ ಸಾಲಿನಲ್ಲಿ ಕಾರಂತರನ್ನೇ ಮೊದಲು ನಿಲ್ಲಿಸಬೇಕು ಎಂಬುದು ಆಪಾ ಅವರ ಅಭಿಪ್ರಾಯ. ಬೇಸರವಾದಾಗ ಅವರು ಇದನ್ನು ತುಸು ಜೋರಾಗಿಯೇ ಹೇಳುತ್ತಾರೆ.

ಇಲ್ಲಿ ಕಾಪಿರೈಟಿನ ಮೊದಲ ಪಾಠ ಬರುತ್ತದೆ. ಇಂಗ್ಲಿಷ್ ಪುಸ್ತಕಗಳಲ್ಲಿದ್ದ ವಿಜ್ಞಾನವನ್ನು ಕಾರಂತರು ಕನ್ನಡಕ್ಕೆ ತಂದದ್ದು ನಕಲಲ್ಲವೇ ಎಂದು ನಾನು ಕೇಳಿದೆ. ಅಲ್ಲ. ಸಂಗತಿಗೆ ಮತ್ತು ವಿಚಾರಕ್ಕೆ ಕಾಪಿರೈಟ್ ಇಲ್ಲ. ಶನಿಗ್ರಹಕ್ಕೆ ಬಳೆಗಳಿವೆ ಎಂಬುದು ಯಾರ ಸ್ವತ್ತೂ ಅಲ್ಲ. ಅದನ್ನು ಒಬ್ಬ ಲೇಖಕ ಬರೆದ ವಾಕ್ಯಗಳು ಮಾತ್ರ ಅವನವು. ಆದರೆ ಒಬ್ಬರ ಪುಸ್ತಕವನ್ನೇ ಅನುವಾದಿಸುವುದು ಬೇರೆ ವಿಷಯ. ಅನುವಾದದ ಹಕ್ಕು ಮೂಲ ಲೇಖಕರದು. ಅಮೆರಿಕದ ರೇಚೆಲ್ ಕಾರ್ಸನ್ ಸಮುದ್ರದ ಬಗ್ಗೆ ಬರೆದ ಪುಸ್ತಕವನ್ನು ಕಾರಂತರು ನಮ್ಮ ಸುತ್ತಲಿನ ಕಡಲು ಎಂದು ಕನ್ನಡ ಮಾಡಿದ್ದಾರೆ. ಬಾಲಪ್ರಪಂಚಕ್ಕೆ ಬೇಕಿರದ ಒಪ್ಪಿಗೆ ಇಂತಹ ಪುಸ್ತಕಕ್ಕೆ ಬೇಕಾಗುತ್ತದೆ. ಎರಡರ ನಡುವಿನ ಗೆರೆ ಇದು.

ಕಾದಂಬರಿಗಳ ವಿಷಯ ಕನ್ನಡ ಉಪನ್ಯಾಸಕರು ನನಗಿಂತ ಚೆನ್ನಾಗಿ ಹೇಳಬಲ್ಲರು. 1933ರ ಚೋಮನ ದುಡಿ, ಮರಳಿ ಮಣ್ಣಿಗೆ, ಬೆಟ್ಟದ ಜೀವ, 1968ರ ಮೂಕಜ್ಜಿಯ ಕನಸುಗಳು, ಹೀಗೆ ನಲವತ್ತಕ್ಕೂ ಹೆಚ್ಚು. ಮೂಕಜ್ಜಿಗೆ 1977ರಲ್ಲಿ ಜ್ಞಾನಪೀಠ ಬಂತು. ಕಾಮರ್ಸ್ ಕಣ್ಣಿಗೆ ಕಾಣುವುದು ಇನ್ನೊಂದು ಸಂಗತಿ. ಕಾರಂತರು ಪಗಾರದ ನೌಕರಿಯನ್ನು ನಂಬಿ ಬದುಕಲಿಲ್ಲ. ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸುತ್ತಿದ್ದ ಕಾಲವೂ ಇತ್ತು. ಬರೆದದ್ದೇ ಅವರ ಆಸ್ತಿ. ಅಕೌಂಟೆನ್ಸಿಯಲ್ಲಿ ನಾವು ಗುಡ್‌ವಿಲ್ ಜೊತೆಗೆ ಕಾಪಿರೈಟನ್ನೂ ಕೈಗೆ ಸಿಗದ ಆಸ್ತಿ ಎಂದು ಬ್ಯಾಲೆನ್ಸ್ ಶೀಟಿನಲ್ಲಿ ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗುತ್ತೇವೆ. ಆ ಒಂದು ಸಾಲಿನ ಮೇಲೆ ಒಂದು ಮನೆ ನಡೆಯಬಹುದು ಎಂದು ನನಗೆ ಹೊಳೆದದ್ದು ಈಗ.

ಇನ್ನು ಯಕ್ಷಗಾನ. ಕಾರಂತರು ಕರಾವಳಿಯವರು, ಚಿಕ್ಕಂದಿನಿಂದ ಬಯಲಾಟ ನೋಡಿದವರು. ಆದರೆ ನೋಡಿ ಸುಮ್ಮನಾಗಲಿಲ್ಲ. ಹಳೆಯ ಪ್ರಸಂಗಗಳನ್ನು ಹುಡುಕಿದರು, ಭಾಗವತರು ಮತ್ತು ವೇಷಧಾರಿಗಳಿಂದ ರಾಗ, ತಾಳ, ಕುಣಿತ, ಬಣ್ಣಗಾರಿಕೆ ಎಲ್ಲವನ್ನೂ ಕೇಳಿ ತಿಳಿದರು. ಯಕ್ಷಗಾನ ಬಯಲಾಟ ಎಂಬ ದೊಡ್ಡ ಪುಸ್ತಕ ಬರೆದರು. ಅದಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಷ್ಟಕ್ಕೇ ನಿಂತಿದ್ದರೆ ಜಗಳವೇ ಇರುತ್ತಿರಲಿಲ್ಲ. ಅವರು ಯಕ್ಷಗಾನವನ್ನೇ ಬದಲಾಯಿಸಲು ಹೊರಟರು. ರಾತ್ರಿಯಿಡೀ ನಡೆಯುವ ಆಟವನ್ನು ಕೆಲವೇ ಗಂಟೆಗೆ ಇಳಿಸಿದರು. ಪಾತ್ರಧಾರಿಗಳು ಅಲ್ಲೇ ಕಟ್ಟಿ ಆಡುವ ಮಾತನ್ನು ಬಿಟ್ಟು ಹಾಡು ಮತ್ತು ಕುಣಿತದಲ್ಲೇ ಕಥೆ ಹೇಳಿಸಿದರು. ಪಿಟೀಲು ಮತ್ತು ಸ್ಯಾಕ್ಸೋಫೋನ್ ತಂದರು, ವೇಷಗಳನ್ನು ತಿದ್ದಿದರು. ಇದಕ್ಕೆ ಯಕ್ಷಗಾನ ಬ್ಯಾಲೆ ಎಂದು ಹೆಸರಾಯಿತು. ಭೀಷ್ಮ ವಿಜಯ, ನಳ ದಮಯಂತಿ, ಪಂಚವಟಿ, ಅಭಿಮನ್ಯು ವಧೆ ಮೊದಲಾದ ಏಳು ಪ್ರಸಂಗಗಳನ್ನು ಈ ರೀತಿಗೆ ಹೊಂದಿಸಿದರು. ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್‌ನಲ್ಲಿ ನಿರ್ದೇಶಕರಾಗಿ ಕಲಾವಿದರನ್ನು ತಯಾರು ಮಾಡಿದರು. ಯಕ್ಷರಂಗ ಎಂಬ ಅವರ ತಂಡ ಹೊರದೇಶಗಳಲ್ಲೂ ಪ್ರದರ್ಶನ ನೀಡಿತು. ಸಂಪ್ರದಾಯದವರಿಗೆ ಇದು ರುಚಿಸಲಿಲ್ಲ. ಮಾತಿಲ್ಲದ ಯಕ್ಷಗಾನ ಯಕ್ಷಗಾನವೇ ಅಲ್ಲ ಎಂದವರಿದ್ದರು. ಅವರ ಆಕ್ಷೇಪದಲ್ಲಿ ಅರ್ಥವಿಲ್ಲದೆ ಇಲ್ಲ. ಸೊರಬದ ಕಡೆಗೆ ಮೇಳ ಬಂದಾಗ ಜನ ಯಾವ ಪಾತ್ರಧಾರಿ ಯಾವ ಮಾತಿಗೆ ಏನು ಉತ್ತರ ಕೊಟ್ಟ ಎಂಬುದನ್ನೇ ಮರುದಿನ ಜೆರಾಕ್ಸ್ ಅಂಗಡಿಯ ಮುಂದೆ ನಿಂತು ಮಾತಾಡುತ್ತಾರಂತೆ.

ಉಳಿದ ಸಾರ್ವಜನಿಕ ಜೀವನವನ್ನು ಬೇಗ ಹೇಳಿಬಿಡುತ್ತೇನೆ. 1968ರಲ್ಲಿ ಪದ್ಮಭೂಷಣ ಬಂತು. ತುರ್ತುಪರಿಸ್ಥಿತಿ ಹೇರಿದಾಗ ಅದನ್ನು ಹಿಂದಿರುಗಿಸಿದರು. ಕೈಗಾ ಅಣುಸ್ಥಾವರವನ್ನು ವಿರೋಧಿಸಿದರು. ಆ ಪ್ರಶ್ನೆಯನ್ನಿಟ್ಟುಕೊಂಡೇ 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಕಾಲೇಜು ಬಿಟ್ಟವರಿಗೆ ಹಲವು ವಿಶ್ವವಿದ್ಯಾಲಯಗಳು ಗೌರವ ಡಾಕ್ಟರೇಟ್ ಕೊಟ್ಟವು. ಕೊನೆಯ ವರ್ಷಗಳನ್ನು ಕೋಟದ ಪಕ್ಕದ ಸಾಲಿಗ್ರಾಮದಲ್ಲಿ ಕಳೆದರು. ತೊಂಬತ್ತು ದಾಟಿದ ಮೇಲೂ ಹಕ್ಕಿಗಳ ಬಗ್ಗೆ ಬರೆಯುತ್ತಿದ್ದರು. 1997ರ ಡಿಸೆಂಬರ್ 9ರಂದು ತೀರಿಕೊಂಡರು.

ಆಪಾ ಅವರ ಪುಸ್ತಕದಲ್ಲಿ ಕಾರಂತರ ಕಥೆ ಶುರುವಾಗುವುದೇ ಇಲ್ಲಿಂದ.

ಕಾರಂತರು 1994ರ ಜೂನ್ 18ರಂದು ಒಂದು ವಿಲ್ ಬರೆದಿದ್ದರು. ಕೊನೆಯ ಎರಡು ದಶಕ ತಮ್ಮ ಬರವಣಿಗೆಗೆ ನೆರವಾಗಿದ್ದ ಮಾಲಿನಿ ಮಲ್ಯ ಅವರಿಗೆ ತಮ್ಮ ಸಾಹಿತ್ಯ ಕೃತಿಗಳ ಕಾಪಿರೈಟನ್ನು ಅದರಲ್ಲಿ ಕೊಟ್ಟಿದ್ದರು. 2001ರ ಸೆಪ್ಟೆಂಬರ್ 18ರಂದು ಮಣಿಪಾಲದ ಅಕಾಡೆಮಿಯವರು ದೆಹಲಿಯಲ್ಲಿ ಅಭಿಮನ್ಯು ವಧೆಯನ್ನು ಕಾರಂತರ ರೀತಿಯಲ್ಲಿ ಆಡಿಸಿದರು. ತಮ್ಮ ಅನುಮತಿ ಪಡೆದಿಲ್ಲ ಎಂದು ಮಾಲಿನಿ ಮಲ್ಯ ಉಡುಪಿಯ ನ್ಯಾಯಾಲಯಕ್ಕೆ ಹೋದರು. ಕಾರಂತರು ನಮ್ಮ ಸಂಸ್ಥೆಯಲ್ಲಿದ್ದುಕೊಂಡೇ, ನಮ್ಮ ಕಲಾವಿದರ ಜೊತೆಗೇ ಇದನ್ನು ರೂಪಿಸಿದರಲ್ಲವೇ ಎಂಬುದು ಅಕಾಡೆಮಿಯ ವಾದ. ಎರಡೂ ಕಡೆಯವರು ಕಾರಂತರಿಗೆ ಬೇಕಾದವರೇ. 2003ರಲ್ಲಿ ಉಡುಪಿಯಲ್ಲಿ, 2007ರಲ್ಲಿ ಹೈಕೋರ್ಟಿನಲ್ಲಿ ಮಾಲಿನಿ ಮಲ್ಯ ಗೆದ್ದರು. 2009ರ ಜನವರಿ 23ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ಅಭಿಮನ್ಯುವಿನ ಕಥೆ ಮಹಾಭಾರತದ್ದು. ಯಕ್ಷಗಾನದ ಹಾಡು ಕುಣಿತ ಎಷ್ಟೋ ತಲೆಮಾರಿನ ಭಾಗವತರದು, ವೇಷಧಾರಿಗಳದು. ಕುಂಬಳೆಯ ಪಾರ್ತಿಸುಬ್ಬ ಬರೆದ ರಾಮಾಯಣ ಪ್ರಸಂಗಗಳನ್ನು ಇವತ್ತು ಯಾರು ಬೇಕಾದರೂ ಆಡಬಹುದು. ಹಾಗಿರುವಾಗ ಇದರಲ್ಲಿ ಕಾರಂತರದು ಅನ್ನುವುದು ಎಷ್ಟು? ಅವರು ಸೇರಿಸಿದ್ದು ಮಾತ್ರ. ಅವರು ಬರೆದ ಪದ್ಯ, ಅವರು ಜೋಡಿಸಿದ ಕುಣಿತ, ದೃಶ್ಯಗಳ ಕ್ರಮ. ಕಾನೂನು ಇದನ್ನು ಅಳೆಯುವ ರೀತಿ ನನಗೆ ಇಷ್ಟವಾಯಿತು. ಬಾವಿ ಊರಿನದ್ದೇ ಇರುತ್ತದೆ, ಸೇದಿ ತಂದು ಮಾಡಿದ ಶರಬತ್ತು ಮಾತ್ರ ಮಾಡಿದವರದು.

ಅದರಲ್ಲೂ ಒಂದು ತೊಡಕಿತ್ತು. ವಿಲ್‌ನಲ್ಲಿ ಕಾಪಿರೈಟ್ ಕೊಟ್ಟದ್ದು ಸಾಹಿತ್ಯ ಕೃತಿಗಳಿಗೆ. 1957ರ ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಸಾಹಿತ್ಯ ಕೃತಿ ಬೇರೆ, ನಾಟಕ ಕೃತಿ ಬೇರೆ. ಕುಣಿತದ ಜೋಡಣೆ ನಾಟಕ ಕೃತಿಯ ಪಾಲಿಗೆ ಬರುತ್ತದೆ, ಅದೂ ಬರವಣಿಗೆಯಲ್ಲೋ ಇನ್ನಾವುದಾದರೂ ರೀತಿಯಲ್ಲೋ ದಾಖಲಾಗಿದ್ದರೆ. ಹಾಗಾದರೆ ಬ್ಯಾಲೆ ಯಾರಿಗೆ ಹೋಯಿತು? ವಿಲ್‌ನ ಕೊನೆಯಲ್ಲಿ, ಹೆಸರಿಸದೆ ಬಿಟ್ಟ ಉಳಿದೆಲ್ಲಾ ಆಸ್ತಿಯ ಬಗ್ಗೆ ಒಂದು ಮಾತಿತ್ತು. ಅದರ ಬಲದಿಂದ ಬ್ಯಾಲೆಯ ಹಕ್ಕೂ ಮಾಲಿನಿ ಮಲ್ಯ ಅವರಿಗೇ ಸೇರುತ್ತದೆ ಎಂದಾಯಿತು. ಅಬ್ಬಾ ಇದನ್ನು ಕೇಳಿದ ಮೇಲೆ ದಾಖಲೆಗಳ ಕೊನೆಯ ಪುಟವನ್ನೂ ಓದಿಯೇ ಸಹಿ ಹಾಕುತ್ತಾರೆ.

ಆದರೆ ಕೋರ್ಟು ಬಾಗಿಲನ್ನು ಪೂರ್ತಿ ಹಾಕಲಿಲ್ಲ. ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಕೆಲವು ವಿನಾಯಿತಿಗಳಿವೆ. ಅವುಗಳೊಳಗೆ ಬಂದರೆ ಅಕಾಡೆಮಿಯವರೂ ಏಳು ಪ್ರಸಂಗಗಳನ್ನು ಆಡಬಹುದು ಎಂದಿತು. ಈ ವಿನಾಯಿತಿ ನಮಗೂ ಉಪಯೋಗಕ್ಕೆ ಬರುತ್ತದೆ. ಕಾಲೇಜಿನ ಚಟುವಟಿಕೆಯಾಗಿ ವಿದ್ಯಾರ್ಥಿಗಳು ಮತ್ತು ಸಿಬ್ಬಂದಿ ನಾಟಕ ಆಡಿ, ನೋಡುವವರೂ ವಿದ್ಯಾರ್ಥಿಗಳು, ಸಿಬ್ಬಂದಿ, ತಂದೆತಾಯಿಗಳು ಮಾತ್ರವಾಗಿದ್ದರೆ ಲೇಖಕರ ಅನುಮತಿ ಬೇಕಿಲ್ಲ. ಹವ್ಯಾಸಿ ಸಂಘದವರು ದುಡ್ಡು ತೆಗೆದುಕೊಳ್ಳದೆ ಆಡಿದರೂ ಹಾಗೆಯೇ. ಟಿಕೆಟ್ ಇಟ್ಟರೆ ಲೆಕ್ಕ ಬೇರೆ. ಈ ವರ್ಷ ಆ್ಯನುವಲ್ ಡೇ ನಾಟಕದವರು ಗಮನಿಸಿ.

ಜೆರಾಕ್ಸಿನ ಪ್ರಶ್ನೆಗೂ ಈ ಸೆಕ್ಷನ್ನಿನಲ್ಲಿ ಸ್ವಲ್ಪ ಉತ್ತರವಿದೆ. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯೊಂದರ ಮೇಲೆ ದೊಡ್ಡ ವಿದೇಶಿ ಪ್ರಕಾಶಕರು ಹೂಡಿದ ಮೊಕದ್ದಮೆಯಲ್ಲಿ, ಪಾಠಕ್ಕೆ ಬೇಕಾದಷ್ಟು ಭಾಗಗಳನ್ನು ನಕಲು ಮಾಡುವುದು ತಪ್ಪಲ್ಲ ಎಂದು 2016ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಹಾಗೆಂದು ಇಡೀ ಗೈಡನ್ನು ನಕಲು ಮಾಡಿ ಮಾರಬಹುದು ಎಂದಲ್ಲ. ಆಪಾ ಈಗ ಇಡೀ ಗೈಡು ತಂದವರಿಗೆ ಯಾವ ಅಧ್ಯಾಯ ಬೇಕು ಎಂದು ಕೇಳುತ್ತಾರೆ. ಕೆಲವರು ಸಿಟ್ಟಾಗಿ ಪಕ್ಕದ ಅಂಗಡಿಗೆ ಹೋಗುತ್ತಾರೆ. ಅಂಗಡಿ ಯಜಮಾನರಿಗೆ ಇದು ಅಷ್ಟೇನೂ ಸಂತೋಷದ ವಿಷಯವಲ್ಲ.

ನಮ್ಮ ಮನೆಯಲ್ಲೂ ಒಂದು ಸಣ್ಣ ಯಕ್ಷಗಾನ ಪ್ರಕರಣವಿದೆ. ನಾನಿ ಮದುವೆ ಮನೆಗಳಲ್ಲಿ ಢೋಲಕ್ ಹಾಡು ಹೇಳುತ್ತಾರೆ. ಹಿಂದಿನ ಕಾಲದ ಹೆಂಗಸರು ಬೀಸುವ ಕಲ್ಲಿನ ಮುಂದೆ ದಖನಿಯಲ್ಲಿ ಹಾಡುತ್ತಿದ್ದ ಚಕ್ಕಿನಾಮಾ ತರಹದವೂ ಅವರಿಗೆ ಬರುತ್ತವೆ. ಒಂದು ಮದುವೆಯಲ್ಲಿ ಯಾರೋ ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ತಮ್ಮ ಹೆಸರು ಹಾಕಿ ವಿಡಿಯೊ ಬಿಟ್ಟರು. ನಾನಿಯ ಹೆಸರಿರಲಿಲ್ಲ. ಹಾಡು ನಾನಿಯದಲ್ಲ, ಅವರ ಅಮ್ಮನಿಂದ ಬಂದದ್ದು, ಅವರಿಗೆ ಅವರ ಅಮ್ಮನಿಂದ. ಆದರೆ ಹಾಡಿದ ಗಂಟಲು ನಾನಿಯದು. 1994ರ ತಿದ್ದುಪಡಿಯಿಂದ ನಮ್ಮ ಕಾಯ್ದೆಯಲ್ಲಿ ಹಾಡುವವರಿಗೆ, ಕುಣಿಯುವವರಿಗೆ ಅವರ ಪ್ರದರ್ಶನದ ಮೇಲೆ ಹಕ್ಕಿದೆ. ಆಪಾ ಆ ವಿಡಿಯೊ ಬಿಟ್ಟವರಿಗೆ ಪತ್ರ ಬರೆಯಲು ಕುಳಿತಿದ್ದಾರೆ. ನಾನಿಗೆ ಹೆಸರಿನ ಚಿಂತೆ ಇಲ್ಲ. ಮೂರನೆಯ ನುಡಿಯನ್ನು ಕತ್ತರಿಸಿದ್ದಾರೆ ಎಂಬುದೊಂದೇ ಅವರ ದೂರು.

ಈ ಹಕ್ಕುಗಳಿಗೆ ದೇಶದ ಗಡಿ ಇಲ್ಲವೇ? ಇದೇ ಆಪಾ ಅವರ ಓದಿನ ಅತಿ ಕಷ್ಟದ ಭಾಗ. 1886ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಕೆಲವು ದೇಶಗಳು ಒಂದು ಒಪ್ಪಂದ ಮಾಡಿಕೊಂಡವು. ಒಂದು ದೇಶದ ಲೇಖಕರ ಕೃತಿಗೆ ಇನ್ನೊಂದು ದೇಶವು ತನ್ನ ಲೇಖಕರಿಗೆ ಕೊಡುವ ರಕ್ಷಣೆಯನ್ನೇ ಕೊಡಬೇಕು ಎಂಬುದು ಅದರ ತಿರುಳು. ರಿಜಿಸ್ಟರ್ ಮಾಡಿಸಬೇಕೆಂಬ ಷರತ್ತಿಲ್ಲ, ಶುಲ್ಕವಿಲ್ಲ. 1928ರಿಂದ ಭಾರತ ಇದರಲ್ಲಿದೆ. ಅಮೆರಿಕ ಸೇರಿದ್ದು 1989ರಲ್ಲಿ, ನಮಗಿಂತ ಅರವತ್ತು ವರ್ಷ ತಡವಾಗಿ! 1908ರಲ್ಲಿ ಬರ್ಲಿನ್ನಿನಲ್ಲಿ ಈ ಒಪ್ಪಂದವನ್ನು ತಿದ್ದಿದಾಗ ಕುಣಿತದ ಜೋಡಣೆಯನ್ನೂ ರಕ್ಷಣೆಯ ಪಟ್ಟಿಗೆ ಸೇರಿಸಿದರು, ದಾಖಲಾಗಿರಬೇಕು ಎಂಬ ಅದೇ ಷರತ್ತಿನೊಂದಿಗೆ. ಆಗ ಕಾರಂತರಿಗೆ ಆರು ವರ್ಷ. ಕೋಟದ ಆ ಹುಡುಗ ಮುಂದೆ ಕಟ್ಟುವ ಕುಣಿತವನ್ನು ಉಡುಪಿಯ ನ್ಯಾಯಾಲಯ ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬುದು ಆಗಲೇ ಬರ್ಲಿನ್ನಿನಲ್ಲಿ ಬರೆದಾಗಿತ್ತು.

ಬರ್ನ್ ಒಪ್ಪಂದದಂತೆ ಲೇಖಕರ ಮರಣದ ನಂತರ ಕನಿಷ್ಠ 50 ವರ್ಷ ರಕ್ಷಣೆ ಕೊಡಬೇಕು. ಭಾರತದಲ್ಲೂ ಅಷ್ಟೇ ಇತ್ತು. ರವೀಂದ್ರನಾಥ ಟಾಗೋರರು ತೀರಿಕೊಂಡದ್ದು 1941ರಲ್ಲಿ, ಅವರ ಕೃತಿಗಳ ಅವಧಿ 1991ರ ಕೊನೆಗೆ ಮುಗಿಯುವುದಿತ್ತು. ಆಗ ನಮ್ಮ ಸಂಸತ್ತು ಅವಧಿಯನ್ನು 60 ವರ್ಷಕ್ಕೆ ಏರಿಸಿತು. ಆ ಹೆಚ್ಚಿನ ಹತ್ತು ವರ್ಷ ಕಾರಂತರಿಗೂ ಸಿಕ್ಕಿದೆ. ಲೆಕ್ಕ ಶುರುವಾಗುವುದು ತೀರಿಕೊಂಡ ಮರುವರ್ಷದ ಜನವರಿಯಿಂದ, ಅಂದರೆ 1998ರ ಜನವರಿ 1ರಿಂದ. ಹಾಗಾಗಿ 2057ರ ಡಿಸೆಂಬರ್ 31ರವರೆಗೆ ಚೋಮನ ದುಡಿಯನ್ನು ಮರುಮುದ್ರಿಸಲು, ಟಿಕೆಟ್ ಇಟ್ಟು ಅಭಿಮನ್ಯು ವಧೆಯನ್ನು ಕಾರಂತರ ರೀತಿಯಲ್ಲಿ ಆಡಲು ಅನುಮತಿ ಬೇಕು. ಮರುದಿನದಿಂದ ಶಿಕಾರಿಪುರದ ಯಾವ ಸಂಘವೂ ಆಡಬಹುದು, ಸೊರಬದ ಯಾವ ಅಂಗಡಿಯೂ ಅಚ್ಚು ಹಾಕಬಹುದು. ಆಗ ನನಗೆ ಐವತ್ತರ ಆಸುಪಾಸು ವಯಸ್ಸು. ಆಪಾ ಅವರಿಗೆ ಸದ್ಯಕ್ಕೆ ಮುಂದಿನ ತಿಂಗಳಿನ ಪರೀಕ್ಷೆಯದೇ ಯೋಚನೆ. ಯಜಮಾನರು ಎರಡು ದಿನ ರಜೆ ಕೊಡಲು ಒಪ್ಪಿದ್ದಾರೆ, ಮೂರನೆಯ ದಿನಕ್ಕೆ ಇನ್ನೂ ಕೇಳಬೇಕಿದೆ.